ವರಾಹದ ಹಿಂಬದಿ

2025ರ ಮೇ ತಿಂಗಳು. ಆ ವರ್ಷ ಮಲೆನಾಡಿಗೆ ಮಳೆ ಹೇಳದೆ ಕೇಳದೆ ಮೊದಲೇ ಬಂದುಬಿಟ್ಟಿತ್ತು. ನಗರದ ಕೋಟೆಯಿಂದ ನಾಲ್ಕೈದು ಕಿಲೋಮೀಟರ್ ಆಚೆಗಿರುವ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು, ಮಾಡಿನ ಸಂದಿನಿಂದ ತೊಟ್ಟಿಕ್ಕುವ ನೀರಿಗೆ ಅಕ್ಕ ಇಟ್ಟಿದ್ದ ಹಿತ್ತಾಳೆಯ ಪಾತ್ರೆ ಮೆಲ್ಲಮೆಲ್ಲನೆ ತುಂಬುವುದನ್ನು ನಾನು ನೋಡುತ್ತಿದ್ದೆ. ಹೆಂಚು ಕೈಯಾಡಿಸಿ, ಲಡ್ಡಾದ ರೀಪುಗಳನ್ನು ಬದಲಾಯಿಸಲು ಬೇಕಾದ ಹಣ ಬೆಂಗಳೂರಿನಿಂದ ಆ ವಾರ ಬರಬೇಕಾಗಿತ್ತು. ಹಣದ ಬದಲು ಮಗನೇ ಬಂದ. ಬಸ್ಸಿಳಿದು, ನೆನೆದ ಚೀಲವನ್ನು ಕಂಬಕ್ಕೆ ಒರಗಿಸಿ, ಒಳಗಿದ್ದ ತಾಯಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಮಾವ, ದುಡ್ಡು ಕಳಿಸಿದೆ. ಆದರೆ ತಲುಪಲಿಲ್ಲ” ಎಂದ.

“ಯಾರಿಗೆ ಕಳಿಸಿದೆ?”

“ನನಗೇ.”

ತನಗೆ ತಾನೇ ಕಳಿಸಿಕೊಂಡ ಹಣ ತನಗೆ ತಲುಪದೆ ಹೋಗುವುದೆಂದರೇನು? ನಮ್ಮ ಕಾಲದ ಮನಿಯಾರ್ಡರಿನಲ್ಲಿ ಇಂಥದೊಂದು ವಿಚಿತ್ರ ಸಂಭವಿಸುವಂತಿರಲಿಲ್ಲ. ಹುಡುಗನ ಕಥೆಯನ್ನು ಕೇಳುತ್ತ ಹೋದಂತೆ, ಇದು ಅವನೊಬ್ಬನ ಅವಿವೇಕವಲ್ಲ, ವಿದ್ಯಾವಂತ ಕುಟುಂಬಗಳ ಅದೆಷ್ಟೋ ಮಕ್ಕಳು ದಿನನಿತ್ಯ ಕಾಲು ಜಾರಿಸಿಕೊಳ್ಳುವ ಮೆಟ್ಟಿಲೆಂಬುದು ನನಗೆ ಮನವರಿಕೆಯಾಯಿತು. ಆದಕಾರಣ ಇದನ್ನು ಬರೆಯುತ್ತಿದ್ದೇನೆ.

ಅವನು ವಿದೇಶದ ಒಂದು ಸಂಸ್ಥೆಗೆ ಚಿತ್ರ ವಿನ್ಯಾಸದ ಕೆಲಸ ಮಾಡಿಕೊಟ್ಟಿದ್ದ. ಅವರು ಸಂಭಾವನೆಯನ್ನು ‘ಯು.ಎಸ್.ಡಿ.ಟಿ.’ ಎಂಬ ಗಣಕ ನಾಣ್ಯದಲ್ಲಿ ಕೊಟ್ಟರು. ಒಟ್ಟು 1,150, ನಮ್ಮ ಹಣದಲ್ಲಿ ಲಕ್ಷಕ್ಕೆ ಸ್ವಲ್ಪ ಕಡಿಮೆ. ಅದು ವಿದೇಶದ ಒಂದು ವಿನಿಮಯ ಕೇಂದ್ರದಲ್ಲಿ ಅವನ ಹೆಸರಿನ ಖಾತೆಯಲ್ಲಿತ್ತು. ಅದನ್ನು ರೂಪಾಯಿ ಮಾಡಿಕೊಳ್ಳಬೇಕಾದರೆ ಭಾರತದ ವಿನಿಮಯ ಕೇಂದ್ರವೊಂದರಲ್ಲಿರುವ ತನ್ನ ಇನ್ನೊಂದು ಖಾತೆಗೆ ರವಾನಿಸಬೇಕು. ರವಾನೆಯ ಪುಟ ತೆರೆದಾಗ ಅದು ಅವನನ್ನು ಒಂದು ಪ್ರಶ್ನೆ ಕೇಳಿತು: ಯಾವ ನೆಟ್‌ವರ್ಕಿನಲ್ಲಿ ಕಳಿಸಬೇಕು? ಕೆಳಗೆ ಏಳೆಂಟು ಹೆಸರುಗಳು, ಪ್ರತಿಯೊಂದರ ಎದುರಿಗೆ ಶುಲ್ಕ. ಒಂದಕ್ಕೆ ನಾಲ್ಕು ಡಾಲರ್, ಒಂದಕ್ಕೆ ಒಂದು ಡಾಲರ್, ಇನ್ನೊಂದಕ್ಕೆ ಡಾಲರಿನ ಚೂರು. ನಾವೆಲ್ಲರೂ ಏನು ಮಾಡುತ್ತಿದ್ದೆವೋ ಅವನೂ ಅದನ್ನೇ ಮಾಡಿದ. ಅಗ್ಗವಾದುದನ್ನು ಒತ್ತಿದ. ಕಳಿಸಿದ ಕಡೆ ‘ಯಶಸ್ವಿಯಾಗಿದೆ’ ಎಂದು ಹಸಿರು ಅಕ್ಷರ ಮೂಡಿತು. ತಲುಪಬೇಕಾದ ಕಡೆ ಸೊನ್ನೆ. ಮರುದಿನವೂ ಸೊನ್ನೆ.

ಒಳಗಿನಿಂದ ಭಾವನವರು ಬಂದರು. ಗುಟ್ಟು ಉಳಿಯಲಿಲ್ಲ. ಅವರು ಸಿಟ್ಟಾಗಲಿಲ್ಲ; ಎಲೆಗೆ ಸುಣ್ಣ ಸವರುತ್ತ, “ಒಂದೇ ನಾಣ್ಯ ತಾನೆ? ಯಾವ ದಾರಿಯಲ್ಲಿ ಹೋದರೇನಂತೆ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಅವರ ದೇವರ ಪೆಟ್ಟಿಗೆಯಲ್ಲಿಯೇ ಇತ್ತು.

ಆ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಬಂದ ಒಂದು ಚಿನ್ನದ ವರಾಹವಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಮೂರೂವರೆ ಗ್ರಾಮಿನಷ್ಟು ತೂಕ. ಮನೆಯವರೆಲ್ಲ ಅದನ್ನು ‘ಇಕ್ಕೇರಿ ವರಾಹ’ ಎಂದೇ ಕರೆಯುತ್ತಾರೆ. ದೀಪಾವಳಿಯಲ್ಲಿ ಪೂಜೆಗೆ ಇಟ್ಟಾಗ ಮೇಲ್ಮುಖದಲ್ಲಿ ಉಮಾಮಹೇಶ್ವರರು ಕುಳಿತಿರುವುದು ಕಾಣುತ್ತದೆ. ಕೆಳದಿಯ ಅರಸರ ವರಾಹಗಳಲ್ಲಿರುವುದು ಅದೇ ಚಿತ್ರ. ನಾನು ಹಿಂದೊಮ್ಮೆ ಕುತೂಹಲಕ್ಕೆ ಅದನ್ನು ಮಗುಚಿ ನೋಡಿದ್ದೆ. ಕೆಳದಿಯವರ ನಾಣ್ಯವಾಗಿದ್ದರೆ ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಇರಬೇಕಿತ್ತು. ಇದರಲ್ಲಿ ಇದ್ದುದು ಚುಕ್ಕೆಗಳ ನಡುವೆ ಒಂದೇ ಒಂದು ಪಾರಸಿ ಅಕ್ಷರ: ಹೈದರಾಲಿಯ ಹೆಸರಿನ ಮೊದಲಕ್ಷರ.

ಇದರ ಹಿನ್ನೆಲೆ ಸ್ವಾರಸ್ಯವಾಗಿದೆ. ಕೆಳದಿಯ ಅರಸರ ರಾಜಧಾನಿ ಮೊದಲು ಕೆಳದಿ, ಬಳಿಕ ಇಕ್ಕೇರಿ, 1639ರ ಸುಮಾರಿಗೆ ಬಿದನೂರು. ಟಂಕಸಾಲೆಯೂ ಬಿದನೂರಿಗೆ ಬಂತು. ಆದರೆ ನಾಣ್ಯದ ಹೆಸರು ಮಾತ್ರ ಇಕ್ಕೇರಿಯದಾಗಿಯೇ ಉಳಿಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದ. ಇಂದಿನ ‘ನಗರ’ ಎಂಬ ಹೆಸರು ಅದರಿಂದ ಉಳಿದದ್ದು. ಅಲ್ಲಿ ತನ್ನ ವರಾಹವನ್ನು ಟಂಕಿಸುವಾಗ ಅವನು ಜಾಣತನ ತೋರಿದ. ಜನಕ್ಕೆ ಪರಿಚಿತವಾದ ಶಿವಪಾರ್ವತಿಯರನ್ನು ಮುಂಬದಿಯಲ್ಲಿ ಹಾಗೆಯೇ ಬಿಟ್ಟು, ಹಿಂಬದಿಯಲ್ಲಿ ತನ್ನ ಅಕ್ಷರವನ್ನಷ್ಟೆ ಒತ್ತಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ದೇವರು, ಹಿಂದೆ ಅವರ ಹೆಸರು. ಸಂತೆಯಲ್ಲಿ ವರಾಹ ಹಿಡಿದವನಿಗೆ ಮೂರೂ ಒಂದೇ. ನಾಣ್ಯ ಪರೀಕ್ಷಿಸುವ ಚಿನಿವಾರನಿಗೆ ಮಾತ್ರ ಮೂರೂ ಬೇರೆ. ಅವನು ಮೊದಲು ನೋಡುತ್ತಿದ್ದುದು ಹಿಂಬದಿಯನ್ನು.

ನಮ್ಮ ಹುಡುಗ ಮುಂಬದಿಯನ್ನಷ್ಟೆ ನೋಡಿದ್ದ.

ಈಗ ಈ ಗಣಕ ನಾಣ್ಯದ ವಿಚಾರಕ್ಕೆ ಬರೋಣ. ಬಿಟ್‌ಕಾಯಿನಿನ ಬೆಲೆ ದಿನಕ್ಕೊಂದು ಬಗೆಯೆಂಬುದು ಎಲ್ಲರಿಗೂ ತಿಳಿದಿದೆ. ಅಂಥ ಏರಿಳಿತವಿಲ್ಲದೆ, ಒಂದು ನಾಣ್ಯಕ್ಕೆ ಸದಾ ಒಂದು ಅಮೆರಿಕನ್ ಡಾಲರ್ ಎಂಬ ಲೆಕ್ಕಕ್ಕೆ ಕಟ್ಟಿಹಾಕಿದ ನಾಣ್ಯಗಳಿಗೆ ಸ್ಟೇಬಲ್‌ಕಾಯಿನ್ ಎಂದು ಹೆಸರು, ಸ್ಥಿರ ನಾಣ್ಯವೆನ್ನಬಹುದು. ಇವುಗಳಲ್ಲಿ ಹಿರಿಯದು 2014ರಲ್ಲಿ ಹೊರಟ ಟೆಥರ್, ಅಂದರೆ ಯು.ಎಸ್.ಡಿ.ಟಿ. ಎರಡನೆಯದು 2018ರಲ್ಲಿ ಬಂದ ಸರ್ಕಲ್ ಸಂಸ್ಥೆಯ ಯು.ಎಸ್.ಡಿ.ಸಿ. ಹೊರಡಿಸಿದ ಕಂಪನಿ ಅಷ್ಟೇ ಮೊತ್ತದ ಡಾಲರನ್ನೋ ಅಮೆರಿಕ ಸರ್ಕಾರದ ಸಾಲಪತ್ರಗಳನ್ನೋ ಆಧಾರವಾಗಿ ಇಟ್ಟುಕೊಂಡಿರುತ್ತದೆಂಬುದು ಇದರ ಹಿಂದಿನ ನಂಬಿಕೆ. ‘ಸ್ಥಿರ’ ಎಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ಟೆರ್ರಾ ಎಂಬ ಜಾಲದ ಸ್ಥಿರ ನಾಣ್ಯ ಕೆಲವೇ ದಿನಗಳಲ್ಲಿ ಮಣ್ಣುಪಾಲಾಯಿತು. 2023ರ ಮಾರ್ಚಿಯಲ್ಲಿ ಅಮೆರಿಕದ ಒಂದು ಬ್ಯಾಂಕು ಮುಳುಗಿದಾಗ ಯು.ಎಸ್.ಡಿ.ಸಿ.ಯಂಥ ಯು.ಎಸ್.ಡಿ.ಸಿ.ಯೇ ಒಂದು ಹಂತದಲ್ಲಿ 90 ಸೆಂಟಿಗಿಂತ ಕೆಳಗೆ ಇಳಿದು ಬಂದಿತ್ತು. ಅದು ಬೇರೆಯೇ ಕಥೆ.

ನೆಟ್‌ವರ್ಕ್ ಎಂದರೇನು? ಬ್ಲಾಕ್‌ಚೈನ್ ಎನ್ನುವುದು ಮೂಲತಃ ಒಂದು ಕಿರ್ದಿ ಪುಸ್ತಕ. ಯಾರಿಂದ ಯಾರಿಗೆ ಎಷ್ಟು ಸಂದಿತೆಂದು ಅದರಲ್ಲಿ ಸಾಲಾಗಿ ಬರೆಯಲಾಗುತ್ತದೆ. ಒಂದೇ ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಗಳಲ್ಲಿರುತ್ತವೆ. ಒಮ್ಮೆ ಬರೆದುದನ್ನು ಯಾರೂ ಹೊಡೆದುಹಾಕುವಂತಿಲ್ಲ. ಇಥೀರಿಯಂ ಒಂದು ಪುಸ್ತಕ, ಟ್ರಾನ್ ಇನ್ನೊಂದು, ಬಿ.ಎನ್.ಬಿ. ಚೈನ್ ಮತ್ತೊಂದು, ಸೊಲಾನಾ, ಪಾಲಿಗಾನ್ ಬೇರೆ ಬೇರೆ. ನಾವು ‘ನಾಣ್ಯ ಕಳಿಸಿದೆವು’ ಎನ್ನುತ್ತೇವೆ. ವಾಸ್ತವವಾಗಿ ಎಲ್ಲಿಂದ ಎಲ್ಲಿಗೂ ಏನೂ ಚಲಿಸುವುದಿಲ್ಲ. ಒಂದು ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೆ. ಒಂದು ಪುಸ್ತಕದ ಸಾಲು ಇನ್ನೊಂದು ಪುಸ್ತಕದಲ್ಲಿ ಕಾಣುವುದಿಲ್ಲ.

ಹುಡುಗನ ಹಣಕ್ಕೆ ಆದದ್ದು ಇದೇ. ಅವನು ಒತ್ತಿದ್ದು ಬಿ.ಎನ್.ಬಿ. ಚೈನ್. ಅಲ್ಲಿನ ಕಿರ್ದಿಯಲ್ಲಿ ‘ಈ ವಿಳಾಸಕ್ಕೆ 1,150 ಸಂದಿದೆ’ ಎಂದು ಸ್ಪಷ್ಟವಾಗಿ ದಾಖಲಾಗಿತ್ತು. ಅವನಿಗೆ ಬಂದ ಹಸಿರು ಅಕ್ಷರ ಸುಳ್ಳಲ್ಲ. ಆದರೆ ಪಡೆಯಬೇಕಾದ ಕೇಂದ್ರ ಈ ನಾಣ್ಯಕ್ಕಾಗಿ ಓದುತ್ತಿದ್ದುದು ಇಥೀರಿಯಂ ಮತ್ತು ಟ್ರಾನ್ ಎಂಬ ಎರಡು ಪುಸ್ತಕಗಳನ್ನು ಮಾತ್ರ. ಮೂರನೆಯದನ್ನು ಅವರು ತೆರೆಯುವುದೇ ಇಲ್ಲ. ಹಣ ಕಳೆದುಹೋಗಿರಲಿಲ್ಲ, ಯಾರೂ ಓದದ ಪುಸ್ತಕದಲ್ಲಿ ಬರೆದಿಡಲ್ಪಟ್ಟಿತ್ತು.

“ಹಾಗಾದರೆ ವಿಳಾಸ ತಪ್ಪೆಂದು ಯಂತ್ರ ಹೇಳಬೇಕಿತ್ತಲ್ಲ?” ಎಂದು ಭಾವನವರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಸಂಗತಿಯ ಮರ್ಮ ಇರುವುದು ಅಲ್ಲಿಯೇ. ಟ್ರಾನ್ ಪುಸ್ತಕದ ವಿಳಾಸಗಳು ‘ಟಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುತ್ತವೆ, 34 ಅಕ್ಷರ ಉದ್ದ. ಇಥೀರಿಯಂ ವಿಳಾಸ ಸೊನ್ನೆ ಮತ್ತು ‘ಎಕ್ಸ್’ನಿಂದ ಆರಂಭ, 42 ಅಕ್ಷರ ಉದ್ದ. ಟ್ರಾನಿನ ವಿಳಾಸವನ್ನು ಇಥೀರಿಯಂ ದಾರಿಯಲ್ಲಿ ಹಾಕಿದರೆ ಯಂತ್ರ ಒಡನೆಯೇ ‘ಆಗದು’ ಎನ್ನುತ್ತದೆ. ಅದು ಕ್ಷೇಮ. ಆದರೆ ಬಿ.ಎನ್.ಬಿ. ಚೈನ್, ಪಾಲಿಗಾನ್, ಆರ್ಬಿಟ್ರಮ್ ಮೊದಲಾದವು ಇಥೀರಿಯಂ ಮಾದರಿಯನ್ನೇ ಅನುಸರಿಸಿ ಕಟ್ಟಿದವಾದ್ದರಿಂದ ಇವುಗಳ ವಿಳಾಸವೂ ಅದೇ ರೂಪ, ಅದೇ ಉದ್ದ. ಇಥೀರಿಯಮ್ಮಿಗೆಂದು ಕೊಟ್ಟ ವಿಳಾಸವನ್ನು ಬಿ.ಎನ್.ಬಿ. ಚೈನಿನಲ್ಲಿ ಹಾಕಿದರೆ ಯಂತ್ರ ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ತಪ್ಪು ಎದ್ದುಕಾಣುವಲ್ಲಿ ಅಪಾಯ ಕಡಿಮೆ. ತಪ್ಪು ಸರಿಯಂತೆ ಕಾಣುವಲ್ಲಿಯೇ ಹಣ ಹೋಗುವುದು.

ಹೆಸರುಗಳ ಗೊಂದಲ ಇನ್ನೊಂದು. ಟ್ರಾನ್, ಟಿ.ಆರ್.ಎಕ್ಸ್., ಟಿ.ಆರ್.ಸಿ.-20 ಎಂದು ಮೂರು ಬಗೆಯಾಗಿ ಬರೆದರೂ ಸೂಚಿಸುವುದು ಒಂದೇ ಜಾಲವನ್ನು. ಇಥೀರಿಯಂ ಎಂದರೂ ಇ.ಆರ್.ಸಿ.-20 ಎಂದರೂ ಒಂದೇ. ಬಿ.ಎನ್.ಬಿ. ಸ್ಮಾರ್ಟ್ ಚೈನ್, ಬಿ.ಎಸ್.ಸಿ., ಬಿ.ಇ.ಪಿ.-20 ಎಲ್ಲವೂ ಒಂದೇ. ಆದರೆ ಬಿ.ಇ.ಪಿ.-20 ಮತ್ತು ಬಿ.ಇ.ಪಿ.-2 ಎರಡೂ ಬೇರೆ ಬೇರೆ ಪುಸ್ತಕಗಳಾಗಿದ್ದವು. ಎರಡನೆಯದನ್ನು 2024ರ ಕೊನೆಯ ವೇಳೆಗೆ ಮುಚ್ಚಿಯೇಬಿಟ್ಟರು. ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಬಿದನೂರು, ಹೈದರ್‌ನಗರ, ನಗರ ಎಂದು ಮೂರು ಹೆಸರಿದ್ದರೂ ಊರು ಒಂದೇ. ನಗರ ಮತ್ತು ಹೊಸನಗರ ಎಂಬ ಹೆಸರುಗಳಲ್ಲಿ ಎರಡಕ್ಷರದ ಅಂತರವಿದ್ದರೂ ಊರು ಎರಡು. ನಡುವೆ ಹದಿನೈದು ಕಿಲೋಮೀಟರಿಗೂ ಮಿಕ್ಕ ಕಾಡುದಾರಿ. ತಾಲ್ಲೂಕಿನ ಕಚೇರಿಗಳು ನಗರದಿಂದ ಕಲ್ಲೂರುಕಟ್ಟೆಗೆ ಹೋದಾಗ ಆ ಊರಿಗೆ ಹೊಸನಗರವೆಂದು ಹೆಸರಾಯಿತು. ಹೊರಗಿನವರು ಬರೆದ ಲಗ್ನಪತ್ರಿಕೆ ನಗರಕ್ಕೆ ಬರಬೇಕಾದುದು ಹೊಸನಗರಕ್ಕೆ ಹೋಗಿ, ಮದುವೆ ಮುಗಿದ ಮೇಲೆ ಕೈಸೇರಿದ ಪ್ರಸಂಗವನ್ನು ಅಕ್ಕ ಇಂದಿಗೂ ಹೇಳಿ ನಗುತ್ತಾಳೆ. ಲಗ್ನಪತ್ರಿಕೆಯಾದರೆ ನಗಬಹುದು.

ಮುಂಬದಿಯ ಹೆಸರು ಒಂದೇ ಇದ್ದು ಹಿಂಬದಿ ಬೇರೆಯಾಗುವುದಕ್ಕೆ ಮತ್ತೂ ಒಂದು ಅರ್ಥವಿದೆ. ಇಥೀರಿಯಂ ಮತ್ತು ಟ್ರಾನ್ ಮೇಲಿನ ಯು.ಎಸ್.ಡಿ.ಟಿ.ಯನ್ನು ಟೆಥರ್ ಕಂಪನಿಯೇ ಹೊರಡಿಸುತ್ತದೆ. ಚಲಾವಣೆಯ ಬಹುಭಾಗ ಇವೆರಡರ ಮೇಲಿದೆ. ಬಿ.ಎನ್.ಬಿ. ಚೈನಿನಲ್ಲಿ ಅದೇ ಹೆಸರಿನಿಂದ ಬಹುಕಾಲ ಓಡಾಡುತ್ತ ಬಂದಿರುವುದು, ಅಸಲು ಟೆಥರನ್ನು ಒತ್ತೆಯಿಟ್ಟುಕೊಂಡು ಬೈನಾನ್ಸ್ ಸಂಸ್ಥೆ ಹೊರಡಿಸಿದ ಪ್ರತಿರೂಪ. ಪಾಲಿಗಾನ್ ಮೇಲೆ ಯು.ಎಸ್.ಡಿ.ಸಿ. ಎರಡು ಬಗೆ: ಇಥೀರಿಯಮ್ಮಿನಿಂದ ‘ಸೇತುವೆ’ ದಾಟಿ ಬಂದದ್ದು ಒಂದು, 2023ರಲ್ಲಿ ಸರ್ಕಲ್ ಸಂಸ್ಥೆ ನೇರವಾಗಿ ಹೊರಡಿಸಿದ್ದು ಇನ್ನೊಂದು. ಒಂದನ್ನು ಪಡೆಯುವ ಕೇಂದ್ರ ಇನ್ನೊಂದನ್ನು ಪಡೆಯದಿರಬಹುದು. ಇದ್ದ ದಾರಿ ಮುಚ್ಚುವುದೂ ಉಂಟು. 2024ರ ಫೆಬ್ರವರಿಯಲ್ಲಿ ಸರ್ಕಲ್ ಸಂಸ್ಥೆ ಟ್ರಾನ್ ಮೇಲೆ ಹೊಸ ನಾಣ್ಯ ಹೊರಡಿಸುವುದನ್ನು ನಿಲ್ಲಿಸಿತು. ಆದ್ದರಿಂದ ಎರಡು ವರ್ಷದ ಹಿಂದೆ ಸ್ನೇಹಿತನೊಬ್ಬ ಹೇಳಿಕೊಟ್ಟ ದಾರಿಯನ್ನು ಕಣ್ಣುಮುಚ್ಚಿ ಹಿಡಿಯುವುದು ಸಲ್ಲದು. ಅಂಬಾರಗೊಡ್ಲು ಕಡೆಯಿಂದ ಸಿಗಂದೂರಿಗೆ ಹೋಗುವವರು ದಶಕಗಳ ಕಾಲ ಲಾಂಚಿಗೆ ಕಾಯುತ್ತಿದ್ದರು. 2025ರ ಜುಲೈಯಿಂದ ಸೇತುವೆಯ ಮೇಲೆ ಹೋಗುತ್ತಾರೆ. ದಾರಿಗಳು ಬದಲಾಗುತ್ತವೆ. ಹೊರಡುವ ದಿನ ವಿಚಾರಿಸಬೇಕು.

ಇನ್ನು ಶುಲ್ಕದ ಮಾತು. ನಮ್ಮ ಮೂರು ತಾಲ್ಲೂಕುಗಳಿಂದ ಕರಾವಳಿಗೆ ಇಳಿಯಲು ಘಾಟಿಗಳು ಹಲವು. ಹುಲಿಕಲ್ಲಿನ ಬಾಳೆಬರೆ, ಕೊಲ್ಲೂರು, ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ. ಆಗುಂಬೆಯ ತಿರುವುಗಳಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ. ಸರಕು ನೋಡಿ ಘಾಟಿ ಆರಿಸುವುದು ನಮಗೆ ಅಭ್ಯಾಸ. ಜಾಲಗಳೂ ಹಾಗೆಯೇ. ಇಥೀರಿಯಂ ಹಳೆಯದು, ಬಲವಾದದ್ದು, ಬಹುತೇಕ ಎಲ್ಲ ಕೇಂದ್ರಗಳೂ ಒಪ್ಪುವಂಥದು; ಆದರೆ ಜನಸಂದಣಿಯಾದಾಗ ಸುಂಕ ಏರುತ್ತದೆ. 2021ರ ಭರಾಟೆಯಲ್ಲಿ ಒಂದು ರವಾನೆಗೆ ಹತ್ತಾರು ಡಾಲರ್ ತೆತ್ತವರಿದ್ದಾರೆ. ಈಚೆಗೆ ಅಷ್ಟಿಲ್ಲ. ಅಲ್ಲಿ ಹನ್ನೆರಡು ಸೆಕೆಂಡಿಗೆ ಒಂದು ಪುಟ ಬರೆಯಲಾಗುತ್ತದೆ. ಆದರೂ ಬರೆದುದು ಇನ್ನು ಅಳಿಯದೆಂಬ ಭರವಸೆ ಬರಲು ಕಾಲು ಗಂಟೆಯಷ್ಟು ಹಿಡಿಯುವುದರಿಂದ ಕೇಂದ್ರಗಳು ಅಷ್ಟು ಹೊತ್ತು ಕಾಯಿಸುವುದುಂಟು. ಟ್ರಾನಿನಲ್ಲಿ ಮೂರು ಸೆಕೆಂಡಿಗೆ ಒಂದು ಪುಟ, ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಯು.ಎಸ್.ಡಿ.ಟಿ.ಯ ಮಟ್ಟಿಗೆ ಅದು ಹೆದ್ದಾರಿಯಂತಾಗಿರುವುದು ಆ ಕಾರಣದಿಂದಲೇ. ಸೊಲಾನಾ ಅತಿ ಅಗ್ಗ, ಅತಿ ವೇಗ. ಆದರೆ 2024ರ ಫೆಬ್ರವರಿ 6ರಂದು ಸುಮಾರು ಐದು ಗಂಟೆ ನಿಂತೇಹೋಗಿತ್ತು. ಮಳೆಗಾಲದಲ್ಲಿ ಘಾಟಿ ಕುಸಿದಂತೆ.

ಕೇಂದ್ರಗಳು ವಸೂಲು ಮಾಡುವ ಶುಲ್ಕ ಜಾಲದ ಸುಂಕವೇ ಆಗಿರಬೇಕೆಂದಿಲ್ಲ. ಅದು ಅವರು ನಿಗದಿ ಮಾಡಿದ ದರ, ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ನೂರು ಡಾಲರ್ ಕಳಿಸುವವನಿಗೆ ನಾಲ್ಕು ಡಾಲರ್ ದೊಡ್ಡದು. ಐದು ಸಾವಿರ ಕಳಿಸುವವನಿಗೆ ಗಣನೆಗೆ ಬಾರದ್ದು. ಶುಲ್ಕವನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಕೊನೆಯಲ್ಲಿ ನೋಡಬೇಕಾದುದನ್ನು ಮೊದಲು ನೋಡಿದ್ದೇ ಹುಡುಗನ ತಪ್ಪು. ಪರದೆಯ ವಿನ್ಯಾಸವೂ ಹಾಗೆಯೇ ಇರುತ್ತದೆ. ಶುಲ್ಕದ ಅಂಕಿ ದಪ್ಪಕ್ಷರದಲ್ಲಿ, ಎಚ್ಚರಿಕೆಯ ಮಾತು ಇರುವೆಯ ಗಾತ್ರದಲ್ಲಿ.

ಸರಿಯಾದ ಕ್ರಮ ಇದಕ್ಕೆ ವಿಲೋಮ. ಕಳಿಸುವ ಕಡೆಯಿಂದಲ್ಲ, ಪಡೆಯುವ ಕಡೆಯಿಂದ ಹೊರಡಬೇಕು. ಪಡೆಯುವ ಕೇಂದ್ರದಲ್ಲಿ ‘ಡಿಪಾಸಿಟ್’ ಪುಟ ತೆರೆದು, ನಾಣ್ಯವನ್ನು ಆರಿಸಿ, ಅವರು ಯಾವ ಯಾವ ಜಾಲಗಳನ್ನು ಒಪ್ಪುತ್ತಾರೆಂದು ನೋಡಬೇಕು. ಜಾಲವನ್ನು ಆರಿಸಿದ ಮೇಲೆಯೇ ವಿಳಾಸ ಕಾಣಿಸುತ್ತದೆ. ಆ ವಿಳಾಸ ಆ ಜಾಲಕ್ಕೆ ಮಾತ್ರ. ಆಮೇಲೆ ಕಳಿಸುವ ಕೇಂದ್ರಕ್ಕೆ ಬಂದು, ಎರಡು ಕಡೆಯೂ ಇರುವ ಜಾಲಗಳಲ್ಲಿ ಅಗ್ಗವಾದುದನ್ನು ಹಿಡಿಯಬಹುದು. ಅಂದು ಆ ಜಾಲ ದುರಸ್ತಿಗಾಗಿ ಎರಡರಲ್ಲೊಂದು ಕಡೆ ನಿಂತಿದೆಯೇ ಎಂಬುದನ್ನೂ ನೋಡಬೇಕು. ಕೆಲವು ಜಾಲಗಳಲ್ಲಿ ವಿಳಾಸದ ಜೊತೆಗೆ ‘ಮೆಮೊ’ ಅಥವಾ ‘ಟ್ಯಾಗ್’ ಎಂಬ ಅಂಕಿಯೊಂದು ಬೇಕು. 2024ರ ಏಪ್ರಿಲಿನಿಂದ ಯು.ಎಸ್.ಡಿ.ಟಿ. ದೊರೆಯುತ್ತಿರುವ ಟಾನ್ ಜಾಲದಲ್ಲಿ ವಿನಿಮಯ ಕೇಂದ್ರಗಳು ಸಾಮಾನ್ಯವಾಗಿ ಇದನ್ನು ಕೇಳುತ್ತವೆ. ಅಲ್ಲಿ ವಿಳಾಸ ಕೇಂದ್ರದ್ದು, ಮೆಮೊ ನಿಮ್ಮದು. ಬೀದಿಯ ಹೆಸರು ಬರೆದು ಮನೆಯ ನಂಬರು ಬಿಟ್ಟರೆ ಅಂಚೆಯವನೇನು ಮಾಡಿಯಾನು?

ಇಷ್ಟಾದ ಮೇಲೂ ಮೊದಲು ಕಳಿಸಬೇಕಾದುದು ಒಂದು ಚಿಕ್ಕ ಮೊತ್ತ, ಹತ್ತು ಇಪ್ಪತ್ತು ಡಾಲರ್. ಅದು ಕೇಂದ್ರದವರು ಗೊತ್ತುಮಾಡಿದ ಕನಿಷ್ಠಕ್ಕಿಂತ ಹೆಚ್ಚಾಗಿರಬೇಕು. ಕಡಿಮೆಯಾದರೆ ಖಾತೆಗೆ ಜಮೆಯಾಗದು, ಪರೀಕ್ಷೆಯೇ ಮೋಸಮಾಡೀತು. ಅದು ಪಡೆಯುವ ಖಾತೆಯಲ್ಲಿ ಕಣ್ಣಿಗೆ ಕಂಡ ಬಳಿಕ ಉಳಿದದ್ದು. ಎರಡು ಸಲ ಶುಲ್ಕ ತೆರಬೇಕಾಗುವುದು ನಿಜ. ತೆರಬೇಕು.

ಎರಡನೆಯ ಸಲ ಕಳಿಸುವಾಗಲೂ ವಿಳಾಸವನ್ನು ಡಿಪಾಸಿಟ್ ಪುಟದಿಂದಲೇ ತೆಗೆದುಕೊಳ್ಳಬೇಕೇ ವಿನಾ ಹಳೆಯ ರವಾನೆಗಳ ಪಟ್ಟಿಯಿಂದ ಅಲ್ಲ. ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರಗಳು ನಿಮ್ಮ ವಿಳಾಸದಂತೆಯೇ ಇರುವ ಹುಸಿ ವಿಳಾಸವನ್ನು ಸೃಷ್ಟಿಸಿ, ಅದರಿಂದ ನಿಮಗೆ ಪುಡಿಗಾಸು ಕಳಿಸಿ, ಪಟ್ಟಿಯಲ್ಲಿ ಕುಳಿತುಕೊಳ್ಳುವ ಕಳ್ಳರಿದ್ದಾರೆ. 2024ರ ಮೇ ತಿಂಗಳಲ್ಲಿ ಒಬ್ಬ ಧನಿಕ ಪರೀಕ್ಷೆಯ ಚಿಕ್ಕ ಮೊತ್ತವನ್ನು ಸರಿಯಾಗಿಯೇ ಕಳಿಸಿ, ಆಮೇಲೆ ಪಟ್ಟಿಯಿಂದ ವಿಳಾಸ ಎತ್ತಿಕೊಂಡು, ಸುಮಾರು 6 ಕೋಟಿ 80 ಲಕ್ಷ ಡಾಲರ್ ಬೆಲೆಯ ಸೊತ್ತನ್ನು ಕಳ್ಳನ ವಿಳಾಸಕ್ಕೆ ಕಳಿಸಿಬಿಟ್ಟ. ಲೋಕದ ಕಣ್ಣು ಬಿದ್ದುದರಿಂದಲೋ ಏನೋ, ಕಳ್ಳ ಅದನ್ನು ಹಿಂದಿರುಗಿಸಿದ. ಎಲ್ಲ ಕಳ್ಳರಿಗೂ ಅಂಥ ಬುದ್ಧಿ ಬರುವುದಿಲ್ಲ.

ಕೇಂದ್ರದಲ್ಲಿಡದೆ ಸ್ವಂತ ವಾಲೆಟ್ಟಿನಲ್ಲಿ ನಾಣ್ಯ ಇಟ್ಟುಕೊಳ್ಳುವವರಿಗೆ ಇನ್ನೊಂದು ತೊಡಕು. ಅಲ್ಲಿಂದ ಹೊರಗೆ ಕಳಿಸುವ ಸುಂಕವನ್ನು ಸಾಮಾನ್ಯವಾಗಿ ಆಯಾ ಜಾಲದ ಸ್ವಂತ ನಾಣ್ಯದಲ್ಲಿ ಕೊಡಬೇಕಾಗುತ್ತದೆ: ಟ್ರಾನಿಗೆ ಟಿ.ಆರ್.ಎಕ್ಸ್., ಇಥೀರಿಯಮ್ಮಿಗೆ ಈಥರ್. ಸಾವಿರ ಡಾಲರ್ ಇದ್ದೂ ಮೂರು ಡಾಲರಿನ ಟಿ.ಆರ್.ಎಕ್ಸ್. ಇಲ್ಲದೆ ಕುಳಿತವರನ್ನು ನಾನು ಬಲ್ಲೆ. ಬದಲಿಗೆ ಇವರಿಗೆ ಒಂದು ಅನುಕೂಲವೂ ಉಂಟು. ಇಥೀರಿಯಂ ಮಾದರಿಯ ಜಾಲಗಳಲ್ಲಿ ತಪ್ಪಿ ಇನ್ನೊಂದಕ್ಕೆ ಬಂದರೆ ಬೀಗದ ಕೈ ಒಂದೇ ಆದ್ದರಿಂದ ವಾಲೆಟ್ಟಿನಲ್ಲಿ ಜಾಲವನ್ನು ಬದಲಿಸಿದರೆ ಸಾಕು, ಹಣ ಕಾಣುತ್ತದೆ. ವಿನಿಮಯ ಕೇಂದ್ರದಲ್ಲಿ ಬೀಗದ ಕೈ ಕೇಂದ್ರದ ಹತ್ತಿರ. ಅವರು ಮನಸ್ಸು ಮಾಡಿದರೆ ಆ ಮೂರನೆಯ ಪುಸ್ತಕವನ್ನು ತೆರೆದು ಹಣ ತೆಗೆದುಕೊಡಬಲ್ಲರು, ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ಇನ್ನು ನಾಣ್ಯದ ಒಪ್ಪಂದ ವಿಳಾಸಕ್ಕೆ, ಎಂದರೆ ಟಂಕಸಾಲೆಯ ಗೋಡೆಗೇ ಹಣ ಕಳಿಸಿದವರಿಗೆ ನೆರವು ಸಿಗುವುದು ಅಪರೂಪ.

ಕಾನೂನಿನ ವಿಚಾರ ಸಂಕ್ಷೇಪವಾಗಿ. ನಮ್ಮ ದೇಶದಲ್ಲಿ ಇಂಥ ನಾಣ್ಯಗಳು ಕಾನೂನಿನ ಹಣವಲ್ಲ, ನಿಷಿದ್ಧವೂ ಅಲ್ಲ. ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ಕೊಡಕೂಡದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇಕಡಾ 30 ತೆರಿಗೆ, ಅದೇ ಜುಲೈಯಿಂದ ಮಾರಾಟದ ಮೇಲೆ ಶೇಕಡಾ 1 ಮೂಲದಲ್ಲೇ ಕಡಿತ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ರವಾನೆಯ ಶುಲ್ಕವನ್ನೂ ಖರ್ಚೆಂದು ಒಪ್ಪುವುದಿಲ್ಲ. 2023ರ ಮಾರ್ಚಿಯಿಂದ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ಬಂದಿವೆ. ಯಾರಿಂದ, ಯಾರಿಗೆ ಎಂದು ಅವು ಕೇಳುವುದು ಆ ಕಾರಣಕ್ಕೆ. ವಿದೇಶದ ದುಡಿಮೆಯ ಹಣ ಬ್ಯಾಂಕಿನ ಮೂಲಕವೇ ಬರಲೆಂದು ನಾನು ಹುಡುಗನಿಗೆ ಹೇಳಿದೆ. ಅದು ನಿಧಾನ, ಕಮಿಷನ್ನೂ ಹೆಚ್ಚು. ಆದರೆ ತಪ್ಪಾದರೆ ದೂರು ಕೊಡಲು ಒಂದು ಬಾಗಿಲಿದೆ. ಕೇಂದ್ರದಲ್ಲಿ ಹಣವನ್ನು ಬಹುಕಾಲ ಬಿಡುವುದೂ ಲೇಸಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಅಲ್ಲಿ ಗಂಟು ಇಟ್ಟವರು ವರ್ಷಕ್ಕೂ ಮಿಕ್ಕಿ ಕಾದರು.

ಅಂದಿನ ರಾತ್ರಿ ನಾನೂ ಹುಡುಗನೂ ಕುಳಿತು ಪಡೆಯಬೇಕಾಗಿದ್ದ ಕೇಂದ್ರಕ್ಕೆ ಮನವಿ ಬರೆದೆವು. ರವಾನೆಯ ಕ್ರಮಸಂಖ್ಯೆ, ಕಳಿಸಿದ ಜಾಲ, ಹೊತ್ತು, ಮೊತ್ತ, ವಿಳಾಸ, ಎಲ್ಲವನ್ನೂ ಕೊಟ್ಟೆವು. ಆ ಕ್ರಮಸಂಖ್ಯೆಯನ್ನು ಯಾರು ಬೇಕಾದರೂ ಆ ಜಾಲದ ಸಾರ್ವಜನಿಕ ಪುಟದಲ್ಲಿ ಹಾಕಿ ನೋಡಬಹುದು. ಭಾವನವರು ಕನ್ನಡಕ ಹಾಕಿಕೊಂಡು, ಮಗನ ಹಣ ಎಲ್ಲರಿಗೂ ಕಾಣುವಂತೆ, ಯಾರ ಕೈಗೂ ಸಿಗದಂತೆ ಕುಳಿತಿರುವುದನ್ನು ಬಹಳ ಹೊತ್ತು ನೋಡಿದರು. ಸಹಾಯ ಮಾಡುತ್ತೇವೆಂದು ಸಾಮಾಜಿಕ ಜಾಲತಾಣದಲ್ಲಿ ಮೂವರು ಅಪರಿಚಿತರು ಹುಡುಗನಿಗೆ ತಾವಾಗಿಯೇ ಸಂದೇಶ ಕಳಿಸಿದ್ದರು. ಒಬ್ಬ ವಾಲೆಟ್ಟಿನ ಹನ್ನೆರಡು ಗುಪ್ತಪದಗಳನ್ನೇ ಕೇಳಿದ್ದ. ಮೂವರಿಗೂ ಉತ್ತರ ಕೊಡಕೂಡದೆಂದು ಅಕ್ಕನೇ ಅಪ್ಪಣೆ ಮಾಡಿದಳು. ಅಷ್ಟು ಹೊತ್ತಿಗೆ ಅವಳಿಗೂ ವಿಷಯ ತಿಳಿದಿತ್ತು.

ಮಾಡು ಸೊಸೈಟಿಯ ಸಾಲದಲ್ಲಿ ದುರಸ್ತಿಯಾಯಿತು. ಕೇಂದ್ರದವರು ಹನ್ನೆರಡು ವಾರ ಸತಾಯಿಸಿ, ಐವತ್ತು ಡಾಲರ್ ಶುಲ್ಕ ಮುರಿದುಕೊಂಡು, ಉಳಿದುದನ್ನು ಹುಡುಗನ ವಿದೇಶಿ ಖಾತೆಗೇ ಹಿಂದಿರುಗಿಸಿದರು. ಗೌರಿ ಹಬ್ಬಕ್ಕೆ ಊರಿಗೆ ಬಂದವನು ಜಗಲಿಯಲ್ಲಿ ಕುಳಿತು ಅದನ್ನು ಎರಡನೆಯ ಸಲ ಕಳಿಸಿದ. ಮೊದಲು ಪಡೆಯುವ ಕಡೆಯ ಪುಟ ತೆರೆದ. ಟ್ರಾನ್ ಆರಿಸಿದ. ವಿಳಾಸದ ಮೊದಲಕ್ಷರ ‘ಟಿ’ ಹೌದೇ ಎಂದು ನನಗೂ ತೋರಿಸಿದ. ಇಪ್ಪತ್ತು ಡಾಲರ್ ಕಳಿಸಿ ಮೊಬೈಲನ್ನು ಮಣೆಯ ಮೇಲಿಟ್ಟ. ಭಾವನವರು ಕಾಫಿಯ ಲೋಟ ಹಿಡಿದು ಎದುರಿಗೇ ಕುಳಿತಿದ್ದರು.

“ಬಂತೇನೋ?”

“ಇನ್ನೂ ಇಲ್ಲಪ್ಪ.”

ಕಾಫಿ ಅರ್ಧ ಮುಗಿಯುವಷ್ಟರಲ್ಲಿ ಮೊಬೈಲು ಸಣ್ಣಗೆ ಸದ್ದು ಮಾಡಿತು. ಭಾವನವರು ಲೋಟ ಕೆಳಗಿಟ್ಟು, “ಎಲ್ಲಿ, ತೋರಿಸು” ಎಂದು ಕನ್ನಡಕಕ್ಕೆ ಕೈಚಾಚಿದರು.